ಆಸರಿಗೆ

ಶಿರಸಿ ಬದಿ ಹವ್ಯಕರ ಮನೆಗೆ ಹೋಗಿದ್ರೆ ಈ ಮಾತು ನೀವು ಕೇಳೇ ಇರ್ತೀರಿ. ಕಾಲಿಗೆ ನೀರು ಹಾಕ್ಕೊಂಡು ಜಗಲಿ ಹತ್ತಿ ಇನ್ನೂ ಸರಿಯಾಗಿ ಕೂತಿರಲ್ಲ, ಒಳಗಿಂದ "ಆಸರಿಗೆ ಎಂತ ಕುಡಿತ್ರಿ?" ಅಂತ ಬರತ್ತೆ. ಆಸರು ಅಂದ್ರೆ ಬಾಯಾರಿಕೆ. ಚಾ, ಕಷಾಯ, ಮಜ್ಜಿಗೆ, ಬೇಸಿಗೆಲಾದ್ರೆ ಮುರುಗಲು ಪಾನಕ, ಏನೂ ಬೇಡ ಅಂದ್ರೆ ಬೆಲ್ಲ ನೀರು, ಎಲ್ಲಾ ಆ ಒಂದು ಶಬ್ದದಲ್ಲೇ ಬಂತು. ನಮ್ಮ ಅಪ್ಪಯ್ಯನಿಗೆ ಉಳಿದಿದ್ದೂ ಈ ಒಂದು ಶಬ್ದ. ಸ್ಟ್ರೋಕ್ ಆಗಿ ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದ ಮೇಲೆ ಒಂಬತ್ತನೇ ದಿನ ಬಾಯಿಂದ ಹೊರಟಿದ್ದು ಇದು. ನನ್ನ ಹೆಸರೂ ಬರ್ಲಿಲ್ಲ, ಆಯಿ, ಅಂದ್ರೆ ನಮ್ಮ ಅಮ್ಮನ, ಹೆಸರೂ ಬರ್ಲಿಲ್ಲ. ಆಯಿ ಅದಕ್ಕೇ ಖುಷಿಯಾಗಿ ಅತ್ತಳು.

ಈ ಶಬ್ದದಿಂದ ಎಂತೆಂತ ಆಯ್ತು ಅಂತ ಬರೀಬೇಕು ಅಂತ ಒಂದು ವರ್ಷದಿಂದ ಅಂದ್ಕೊಳ್ತಾ ಇದ್ದೆ, ಬರೆಯೋಕೆ ಕೂತ್ರೆ ಸಿಟ್ಟು ಮೊದಲು ಬಂದು ಕೂರ್ತಿತ್ತು. ಈಗ ಸ್ವಲ್ಪ ಇಳಿದಿದೆ ಅಂತ ಅನ್ಸತ್ತೆ, ನೋಡೋಣ.

ಅದು ನವೆಂಬರ್ ಕೊನೆ. ಕೊನೆ ಕೊಯ್ಲು, ಅಂದ್ರೆ ಅಡಿಕೆ ಗೊನೆ ಇಳಿಸೋದು, ಶುರುವಾಗಿ ಮನೆ ತುಂಬ ಜನ, ಅಂಗಳದ ತುಂಬ ಅಡಿಕೆ. ಅಪ್ಪಯ್ಯ ಬೆಳಿಗ್ಗೆ ತಿಂಡಿ ಮುಗಿಸಿ ಕವಳದ ಬಟ್ಟಲು ಎದುರಿಗಿಟ್ಟು ಕೂತಿದ್ರಂತೆ, ಅಡಕತ್ತರಿ ಕೈಯಿಂದ ಜಾರಿತು, ಎತ್ತೋಕೆ ಹೋದ್ರೆ ಕೈ ಮೇಲೆ ಬರ್ಲಿಲ್ಲ, ಎಡಗೈಯಲ್ಲಿ ಬಲಗೈ ಎತ್ತಿ ತೊಡೆ ಮೇಲೆ ಇಟ್ಕೊಂಡು ಅದನ್ನೇ ನೋಡ್ತಾ ಕೂತಿದ್ರು ಅಂತ ಆಯಿ ಹೇಳ್ತಾಳೆ, ಯಾರದ್ದೋ ಕೈ ನೋಡಿದಂಗೆ. ಗ್ಯಾಸು ಇರಬೇಕು ಅಂತ ಯಾರೋ ಜೀರಿಗೆ ಕಷಾಯ ಮಾಡಿಸಿದ್ರು. ಅದ್ರಲ್ಲೊಂದು ಗಂಟೆ ಹೋಯ್ತು. ಪಕ್ಕದ ಮನೆಯವರ ಕಾರಲ್ಲಿ ಶಿರಸಿಗೆ ಬಂದು ಸ್ಕ್ಯಾನ್ ಆಗಿ, ಹುಬ್ಬಳ್ಳಿಗೆ ಹೋಗಿ ಅಂದ್ರು. ಮುಂಡಗೋಡ, ತಡಸ ದಾಟಿ ಹತ್ತಿರ ಹತ್ತಿರ ನೂರು ಕಿಲೋಮೀಟರ್. ರಕ್ತ ಹೆಪ್ಪುಗಟ್ಟಿದ್ದನ್ನ ಕರಗಿಸೋ ಇಂಜೆಕ್ಷನ್ ಕೊಡೋದಾದ್ರೆ ಸ್ಟ್ರೋಕ್ ಶುರುವಾಗಿ ನಾಲ್ಕೂವರೆ ಗಂಟೆ ಒಳಗೆ ಕೊಡಬೇಕು, ನಾವು ಮುಟ್ಟಿದಾಗ ಆರು ಗಂಟೆ ಮೇಲಾಗಿತ್ತು.

ನಮ್ಮ ಜಿಲ್ಲೆಯವರಿಗೆ ಇದೇನು ಹೊಸ ಕಥೆ ಅಲ್ಲ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಂತು, ಆದ್ರೂ ದೊಡ್ಡದೇನಾದ್ರೂ ಆದ್ರೆ ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಕೆಳಗಿನವರು ಮಣಿಪಾಲಕ್ಕೋ ಮಂಗಳೂರಿಗೋ, ಕಾರವಾರದವರು ಗೋವಾಕ್ಕೆ. 2022ರ ಜುಲೈನಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸು ಶಿರೂರು ಟೋಲ್ ಗೇಟ್ ಹತ್ರ ಮಗುಚಿ ನಾಲ್ಕು ಜನ ಸತ್ತಾಗ ಆಸ್ಪತ್ರೆ ಬೇಕು ಅಂತ ಎಲ್ಲರ ಸ್ಟೇಟಸ್ಸಲ್ಲೂ ಇತ್ತು, ನಾನೂ ಹಾಕಿದ್ದೆ.

ಹುಬ್ಬಳ್ಳಿ ಆಸ್ಪತ್ರೆ ಬಗ್ಗೆ ನನಗೆ ಎಂತ ದೂರೂ ಇಲ್ಲ. ಹದಿನಾಲ್ಕು ದಿನ ಇದ್ವಿ. ಅಲ್ಲಿ ಒಬ್ಬಳು ಸ್ಪೀಚ್ ಥೆರಪಿಸ್ಟ್ ಹುಡುಗಿ ಅಪ್ಪಯ್ಯನ ಗಂಟಲ ಮೇಲೆ ಎರಡು ಬೆರಳಿಟ್ಟು ಚಮಚದಲ್ಲಿ ನೀರು ಕೊಟ್ಟು ನುಂಗಿಸಿ ನೋಡಿದಳು, ಕೆಮ್ಮು ಬಂತು. ನೀರು ತೆಳು ಅಲ್ವಾ, ಗಂಟಲು ಸಂಭಾಳಿಸೋ ಮುಂಚೆನೇ ಶ್ವಾಸನಾಳಕ್ಕೆ ಇಳಿದುಬಿಡತ್ತೆ, ಗಂಜಿ ಹದಕ್ಕೆ ದಪ್ಪ ಮಾಡಿ ಕೊಡಿ ಅಂತ ತಿಕ್ನರ್ ಪೌಡರ್ ಬರೆದುಕೊಟ್ಟಳು. ಡಿಸ್ಚಾರ್ಜ್ ಕಾಗದಕ್ಕೆ ಬೇರೆ ಒಂದು ಹಾಳೆನೇ ಪಿನ್ ಮಾಡಿದ್ರು. ತೆಳು ನೀರು ಕೊಡಬಾರದು, ತಿನ್ಸೋವಾಗ ನೆಟ್ಟಗೆ ಕೂರಿಸಬೇಕು, ಆದ ಮೇಲೂ ಅರ್ಧ ಗಂಟೆ ಮಲಗಿಸಬಾರದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಎಬ್ಸೋವಾಗ ಬಲಗೈ ಹಿಡಿದು ಎಳೀಬಾರದು. ಎಲ್ಲ ಇಂಗ್ಲಿಷಲ್ಲಿ, ಸಣ್ಣ ಅಕ್ಷರದಲ್ಲಿ.

ಮನೆಗೇ ಕರ್ಕೊಂಡು ಹೋಗಬಹುದಿತ್ತಲ್ಲ ಅಂತ ಈಗ ಕೇಳೋರು ಬಹಳ ಜನ. ಹೇಳ್ತೀನಿ ಕೇಳಿ. ಅಜ್ಜಿ ಎರಡು ವರ್ಷ ಹಾಸಿಗೆ ಹಿಡಿದಿದ್ರು, ಬಾಳೆ ಎಲೆ ಹಾಸಿ ಅದರ ಮೇಲೆ ಮಲಗಿಸಿ, ಹೊರಳಿಸಿ, ತೊಳೆದು, ಒಂದು ಗಾಯ ಆಗದ ಹಾಗೆ ಆಯಿ ನೋಡ್ಕೊಂಡಿದ್ದಳು, ಅದನ್ನ ಊರೆಲ್ಲ ಹೊಗಳಿತ್ತು, ಆಯಿ ಸೊಂಟ ಹೋಗಿದ್ದು ಮಾತ್ರ ಯಾರಿಗೂ ಕಾಣ್ಲಿಲ್ಲ. ಈಗ ಅವಳಿಗೆ 68, ಬೆಲ್ಟ್ ಕಟ್ಕೊಂಡೇ ಏಳ್ತಾಳೆ. ಅಪ್ಪಯ್ಯ ಎಪ್ಪತ್ತೆಂಟು ಕೇಜಿ ಆಳು. ತಮ್ಮ ಬೆಂಗಳೂರಲ್ಲಿ ಲಿಫ್ಟ್ ಇಲ್ಲದ ಎರಡನೇ ಮಹಡೀಲಿ. ನಾನು ಕುಮಟೆಯಲ್ಲಿ, ಶಾಲೆ ಕೆಲಸ, ಅತ್ತೆಗೆ ಡಯಾಲಿಸಿಸ್. ಅಂಗಳದಲ್ಲಿ ಕ್ವಿಂಟಾಲುಗಟ್ಟಲೆ ಅಡಿಕೆ ಸುಲಿಯೋಕೆ ಬಿದ್ದಿದೆ. ಅಷ್ಟು ಹೊತ್ತಿಗೆ ಪರಿಚಯದವರೊಬ್ಬರು ಹೇಳಿದ್ರು, ಕೆಳಗೆ ಕರಾವಳಿಲಿ ಒಂದು ರಿಹ್ಯಾಬ್ ಆಸ್ಪತ್ರೆ ಇದೆ, ಬರೀ ಇಂಥವರಿಗೇ, ಒಂದೂವರೆ ತಿಂಗಳಲ್ಲಿ ನಡೆಸಿ ಕಳಿಸ್ತಾರೆ ಅಂತ. ಹೆಸರು ಹೇಳಲ್ಲ, ಊರೂ ಬೇಡ. ಕುಮಟೆಯಿಂದ ಟ್ರೇನಲ್ಲಿ ಹೋಗಿ ಸಂಜೆ ವಾಪಸ್ ಬರಬಹುದಿತ್ತು, ಅಷ್ಟು ಸಾಕು.

ಹೋದ ದಿನ ಎಲ್ಲ ತೋರಿಸಿದ್ರು. ನಡೆಯೋಕೆ ಕಲಿಸೋ ಪ್ಯಾರಲಲ್ ಬಾರು, ಮಲಗಿಸಿ ನಿಲ್ಲಿಸೋ ಟಿಲ್ಟ್ ಟೇಬಲ್ಲು, ಕಿಟಕಿಯಾಚೆ ತೆಂಗಿನ ತೋಟ, ನೆಲ ಹೊಳೀತಿತ್ತು. ದಿನಕ್ಕೆ 2,800, ಡಯಾಪರು ಗ್ಲೌಸು ಔಷಧಿ ಬೇರೆ. ಮನೆಯವರು ಯಾರೂ ಉಳಿಯೋದು ಬೇಡ, ಮನೆಯವರಿದ್ರೆ ಪೇಷಂಟು ಸೋಮಾರಿ ಆಗ್ತಾರೆ, ವಾರಕ್ಕೊಂದು ಸಲ ಭಾನುವಾರ ನಾಲ್ಕರಿಂದ ಆರು ಬಂದ್ರೆ ಸಾಕು ಅಂದ್ರು. ಸತ್ಯ ಹೇಳಬೇಕು ಅಂದ್ರೆ ಆ ಮಾತು ಕೇಳಿ ನನಗೆ ಹಗುರ ಆಯ್ತು. ಹುಬ್ಬಳ್ಳಿಯ ಹಾಳೆ ಕೊಟ್ಟೆ, ಫೈಲಿಗೆ ಹಾಕ್ಕೊಂಡ್ರು. ಹೊರಡೋವಾಗ ಅಪ್ಪಯ್ಯ ಎಡಗೈಯಲ್ಲಿ ನನ್ನ ಬ್ಯಾಗಿನ ಪಟ್ಟಿ ಹಿಡ್ಕೊಂಡು "ಆಸರಿಗೆ" ಅಂದ್ರು. ನಾನು ತಿಕ್ನರ್ ಹಾಕಿದ ನೀರು ನಾಲ್ಕು ಚಮಚ ಕೊಟ್ಟೆ. ಮತ್ತೆ "ಆಸರಿಗೆ" ಅಂದ್ರು. ಅವರಿಗೆ ಬೇಕಾಗಿದ್ದು ನೀರಾಗಿರಲಿಲ್ಲ ಅಂತ ಬಸ್ ಸ್ಟ್ಯಾಂಡಲ್ಲಿ ಹೊಳೀತು.

ಫೋನ್ ಮಾಡಿದಾಗೆಲ್ಲ "ಚೆನ್ನಾಗಿದ್ದಾರೆ ಮೇಡಂ, ಕೋಆಪರೇಟ್ ಮಾಡ್ತಿದ್ದಾರೆ." ಶನಿವಾರ ವಾಟ್ಸಾಪಲ್ಲಿ ಫೋಟೊ, ಪ್ಯಾರಲಲ್ ಬಾರ್ ನಡುವೆ ಇಬ್ಬರು ಹಿಡಿದು ನಿಲ್ಲಿಸಿದ್ದು. ಆಯಿ ಅದನ್ನ ಬಂದೋರಿಗೆಲ್ಲ ತೋರಿಸ್ತಿದ್ದಳು. ಮೂರು ಶನಿವಾರದ ಫೋಟೊದಲ್ಲೂ ಅದೇ ಅಂಗಿ, ಅದೇ ಕಡೆ ಬಗ್ಗಿದ ತಲೆ. ಒಂದೇ ದಿನ ತೆಗೆದಿದ್ದು ಅಂತ ನಮಗೆ ಗೊತ್ತಾಗೋ ಹೊತ್ತಿಗೆ ತಡ ಆಗಿತ್ತು.

ಎರಡನೇ ಭಾನುವಾರ ಹೋದಾಗ ತುಟಿ ಒಡೆದು ಹೋಗಿತ್ತು. ಮಂಚದ ಕೆಳಗಿನ ಮೂತ್ರದ ಚೀಲದಲ್ಲಿ ಇದ್ದಿದ್ದು ಒಂದು ಲೋಟದಷ್ಟು, ಬಣ್ಣ ಕೊತ್ತಂಬರಿ ಕಷಾಯದ್ದು. ಡ್ಯೂಟಿಲಿದ್ದ ಹುಡುಗಿ ಗದಗದ ಕಡೆಯವಳು, ಇಪ್ಪತ್ತೋ ಇಪ್ಪತ್ತೊಂದೋ ಇರಬೇಕು. "ಅಕ್ಕಾರ, ಅಜ್ಜಾರು ದಿನಾ ಏನೋ ಒಂದ ಅಂತಿರ್ತಾರ್ರಿ, ಆಸರೆ ಆಸರೆ ಅಂದಂಗ ಕೇಳಸ್ತದ. ಕೈ ಹಿಡ್ಕೊಂಡ್ರ ಸಿಟ್ಟಿಗೇಳ್ತಾರ" ಅಂದಳು. ಹಿಡಿದುಕೊಳ್ಳೋಕೆ ಆಸರೆ ಬೇಕು ಅಂತಾರೆ ಅಂದ್ಕೊಂಡು ಇವರು ಪಾಪ ಕೈ ಹಿಡಿದಿದ್ದಾರೆ, ಅವರು ನೀರು ಕೇಳಿದ್ದಾರೆ, ಹತ್ತು ದಿನ. ಹತ್ತು ದಿನದಲ್ಲಿ ಒಬ್ಬರಿಗೂ ನನಗೊಂದು ಫೋನ್ ಮಾಡಿ ಇದೆಂತ ಶಬ್ದ ಅಂತ ಕೇಳೋಣ ಅನ್ನಿಸಲಿಲ್ಲ.

ಆಗ ನಾನೊಂದು ಬುದ್ಧಿವಂತಿಕೆ ಮಾಡಿದೆ. ಟೀಚರ್ ಬುದ್ಧಿ. ಅವರ ಹತ್ರನೇ ಹಾಳೆ ಇಸ್ಕೊಂಡು ಸ್ಕೆಚ್ ಪೆನ್ನಲ್ಲಿ ದೊಡ್ಡದಾಗಿ "ಆಸರಿಗೆ ಅಂದ್ರೆ ನೀರು ಬೇಕು ಅಂತ ಅರ್ಥ" ಅಂತ ಬರೆದು ತಲೆ ಮೇಲಿನ ಗೋಡೆಗೆ ಟೇಪ್ ಹಚ್ಚಿ ಬಂದೆ. ದಪ್ಪ ಮಾಡಿದ ನೀರು ಅಂತ ಬರೀಲಿಲ್ಲ. ಅದು ಹುಬ್ಬಳ್ಳಿ ಹಾಳೆಲಿ ಇದೆಯಲ್ಲ, ಅವರಿಗೆ ಗೊತ್ತೇ ಇರತ್ತಲ್ಲ ಅಂತ.

ಆ ಮಂಗಳವಾರ ರಾತ್ರಿ ಅಪ್ಪಯ್ಯ ಕೇಳಿದ್ದಾರೆ, ಆ ಹುಡುಗಿ ಗೋಡೆ ನೋಡಿದ್ದಾಳೆ, ಲೋಟದ ತುಂಬ ನೀರು ತಂದು, ಮಲಗಿದ್ದವರ ಕತ್ತಿನ ಕೆಳಗೆ ಕೈ ಕೊಟ್ಟು ಎತ್ತಿ ಕುಡಿಸಿದ್ದಾಳೆ. ಅಂತಃಕರಣದಿಂದಲೇ ಕುಡಿಸಿದ್ದು, ಅದರಲ್ಲಿ ನನಗೆ ಅನುಮಾನ ಇಲ್ಲ. ಆ ಹುಬ್ಬಳ್ಳಿ ಹಾಳೆನ ಅವಳಿಗೆ ಯಾರೂ ಓದಿ ಹೇಳಿರಲೇ ಇಲ್ಲ. ಕೆಮ್ಮಿ ಕೆಮ್ಮಿ ಸುಸ್ತಾಗಿ ಮಲಗಿದ್ರಂತೆ. ಮರುದಿನ ಜ್ವರ. ನಮಗೆ ಹೇಳಿದ್ದು ಶುಕ್ರವಾರ, ಅದೂ ನಾವೇ ಫೋನ್ ಮಾಡಿದಾಗ, "ಚೂರು ವೈರಲ್ ಮೇಡಂ, ಟ್ಯಾಬ್ಲೆಟ್ ಹಾಕಿದ್ದೇವೆ." ಮಾತು ಅರ್ಥ ಆಗದೇ ಇದ್ದಾಗ ನೀರಿಲ್ಲ, ಅರ್ಥ ಆದ ಮೇಲೆ ನ್ಯುಮೋನಿಯಾ. ನಾನು ಇವತ್ತಿಗೂ ರಾತ್ರಿ ಎಚ್ಚರ ಆದ್ರೆ ಆ ಹಾಳೆಯ ನನ್ನದೇ ಅಕ್ಷರ ಕಾಣ್ತೀನಿ, ಸುಂದರವಾಗಿ ಬೇರೆ ಬರೆದಿದ್ದೆ.

ನಾನು ಭಾನುವಾರಕ್ಕೆ ಕಾಯದೆ ಶನಿವಾರ ಬೆಳಿಗ್ಗೆನೇ ಹೋದೆ, ಹೇಳದೆ ಕೇಳದೆ. ಗೇಟಲ್ಲಿ ತಡೆದ್ರು, ಜಗಳ ಮಾಡಿ ಒಳಗೆ ಹೋದೆ. ಉಸಿರಾಟ ಗೊರ ಗೊರ ಅಂತಿತ್ತು. ಇನ್ನೊಂದು ಎಂತದೋ ವಾಸನೆ, ಡಯಾಪರಿನದ್ದಲ್ಲ, ಮಳೆಗಾಲದಲ್ಲಿ ಬಿದ್ದ ಹಲಸಿನ ಹಣ್ಣು ಕೊಳೆತಾಗ ಬರತ್ತಲ್ಲ ಆ ಥರದ್ದು. ಹೊದಿಕೆ ತೆಗೀರಿ ಅಂದೆ. "ಈಗಷ್ಟೇ ಸ್ಪಂಜ್ ಮಾಡಿದ್ದೇವೆ, ಡಿಸ್ಟರ್ಬ್ ಮಾಡಬೇಡಿ." ನಾನೇ ಮಗ್ಗುಲಿಗೆ ಎಳೆದೆ, ಅಷ್ಟು ಶಕ್ತಿ ಎಲ್ಲಿಂದ ಬಂತೋ. ಪಂಚೆ ಬೆನ್ನಿಗೆ ಅಂಟಿತ್ತು. ಸೊಂಟದ ಕೆಳಗೆ ಬಾಲದ ಮೂಳೆ ಹತ್ರ ನನ್ನ ಅಂಗೈ ಹೂತು ಹೋಗುವಷ್ಟು ಜಾಗ, ಅಂಚು ಕಪ್ಪು, ನಡುವೆ ಹಳದಿ. ಬಲ ಹಿಮ್ಮಡಿಯಲ್ಲಿ ಇನ್ನೊಂದು, ಅದು ಒಣಗಿದ ಅಡಿಕೆ ಸಿಪ್ಪೆ ಬಣ್ಣ. ಅಪ್ಪಯ್ಯ ಎಡಗೈಯಲ್ಲಿ ಪಂಚೆ ಎಳ್ಕೊಳ್ಳೋಕೆ ನೋಡ್ತಿದ್ರು. ಮಗಳೆದುರು ಮರ್ಯಾದೆ ಹೋಗತ್ತೆ ಅಂತ. ಬೇರೆ ಎಲ್ಲ ಮರೆತು ಹೋದವರಿಗೆ ಅದೊಂದು ನೆನಪಿತ್ತು.

ಆಂಬುಲೆನ್ಸ್ ಕರೆಸಿ ಮಧ್ಯಾಹ್ನವೇ ಬೇರೆ ಆಸ್ಪತ್ರೆಗೆ ಸೇರಿಸಿದ್ವಿ. ಹೊರಡೋ ಮುಂಚೆ ಗೋಡೆಯ ಹಾಳೆ ಕಿತ್ತು ಬ್ಯಾಗಿಗೆ ಹಾಕ್ಕೊಂಡೆ. ಅಲ್ಲಿನ ಡಾಕ್ಟರು ಕಾಗದದ ಸ್ಕೇಲು ಇಟ್ಟು ಗಾಯ ಅಳೆದ್ರು, 7 ಸೆಂಟಿಮೀಟರ್ ಉದ್ದ, 5 ಅಗಲ. ಹೀಗೆ ಆಗೋಕೆ ವಾರಗಟ್ಟಲೆ ಬೇಕಾಗಿಲ್ಲವಂತೆ, ಮೂಳೆಗೂ ಹಾಸಿಗೆಗೂ ನಡುವೆ ಚರ್ಮ ಸಿಕ್ಕಿ ರಕ್ತ ಹರಿಯೋದು ನಿಂತ್ರೆ ಗಂಟೆಗಳಲ್ಲೇ ಶುರು, ಮೇಲೆ ಬರೀ ಕೆಂಪು ಕಂಡಾಗಲೇ ಒಳಗೆ ಮಾಂಸ ಸಾಯ್ತಾ ಇರಬಹುದು. ಕೆಂಪಾದಲ್ಲಿ ಬೆರಳಲ್ಲಿ ಒತ್ತಿ ನೋಡಬೇಕಂತೆ, ಒತ್ತಿ ಬಿಟ್ಟಾಗ ಒಂದು ಕ್ಷಣ ಬಿಳಿಚಿಕೊಂಡ್ರೆ ರಕ್ತ ಓಡಾಡ್ತಿದೆ ಅಂತ, ಕೆಂಪು ಕೆಂಪಾಗೇ ಉಳಿದ್ರೆ ಅಪಾಯ. ಇಷ್ಟು ನನಗೆ ಮೊದಲೇ ಗೊತ್ತಿದ್ರೆ. ಬಲ ಭುಜವೂ ಗೂಡಿಂದ ಒಂದು ಬೆರಳು ಕೆಳಗಿಳಿದಿತ್ತು, ಎಬ್ಸೋವಾಗ ಆ ಕೈ ಹಿಡಿದೇ ಎಳೆದಿದ್ದಾರೆ.

ಇನ್ನು ಫೈಲಿನ ಕಥೆ. ರೋಗಿ ಕಡೆಯವರು ಕೇಳಿದ್ರೆ 72 ಗಂಟೆ ಒಳಗೆ ದಾಖಲೆ ಕೊಡಬೇಕು ಅಂತ ಮೆಡಿಕಲ್ ಕೌನ್ಸಿಲ್ ನಿಯಮ 2002ರಿಂದಲೂ ಇದೆ. ಬಾಯಲ್ಲಿ ಕೇಳಿದಾಗ "ಸಮ್ಮರಿ ಕೊಟ್ಟಿದ್ದೇವಲ್ಲ" ಅಂದ್ರು, ನಿಯಮ ಬರೆದು ರಿಜಿಸ್ಟರ್ ಪೋಸ್ಟ್ ಹಾಕಿದ ಮೇಲೆ ಜೆರಾಕ್ಸ್ ಬಂತು. ಅದರಲ್ಲಿ ಮಗ್ಗುಲು ಬದಲಿಸಿದ ಚಾರ್ಟು. ಎಷ್ಟು ಚಂದ ಇದೆ ಅಂತೀರಿ! ಬೆಳಿಗ್ಗೆ 6, 8, 10, 12, ಎಡ, ಬಲ, ಬೆನ್ನು, ಎಲ್ಲದಕ್ಕೂ ಟಿಕ್ಕು, ಒಂದು ಮನೆ ಖಾಲಿ ಇಲ್ಲ. ನಾನು ಎಷ್ಟೋ ವರ್ಷದಿಂದ ಮಕ್ಕಳ ಹೋಮ್‌ವರ್ಕ್ ತಿದ್ದುತಾ ಇದ್ದೀನಿ, ಒಂದೇ ಸಲ ಕೂತು ಬರೆದಿದ್ದು ಯಾವುದು, ದಿನಾ ಬರೆದಿದ್ದು ಯಾವುದು ಅಂತ ನೋಡಿದ ಕೂಡ್ಲೆ ಗೊತ್ತಾಗತ್ತೆ. ಆದ್ರೂ ನನ್ನ ಊಹೆ ಬೇಡ. ಕೊನೇ ದಿನದ್ದು ನೋಡಿದೆ. ಆಂಬುಲೆನ್ಸ್ ಹೊರಟಿದ್ದು ಮಧ್ಯಾಹ್ನ 1:40ಕ್ಕೆ, ರಸೀದಿ ಇದೆ. ಚಾರ್ಟಲ್ಲಿ ಎರಡು ಗಂಟೆಗೆ ಬಲ ಮಗ್ಗುಲು ಟಿಕ್, ನಾಲ್ಕಕ್ಕೆ ಬೆನ್ನು ಟಿಕ್, ಆರಕ್ಕೆ, ಎಂಟಕ್ಕೆ, ಹತ್ತಕ್ಕೆ, ಹನ್ನೆರಡಕ್ಕೆ. ಅಪ್ಪಯ್ಯ ಇಲ್ಲದ ಮಂಚದ ಮೇಲೆ ಮಧ್ಯರಾತ್ರಿವರೆಗೂ ಅಪ್ಪಯ್ಯನನ್ನ ಹೊರಳಿಸಿದ್ದಾರೆ. ತಮ್ಮ ಅದನ್ನ ನೋಡಿ ನಕ್ಕುಬಿಟ್ಟ, ನಕ್ಕು ಎದ್ದು ಹಿತ್ತಲಿಗೆ ಹೋದ, ತುಂಬ ಹೊತ್ತು ಬರ್ಲಿಲ್ಲ.

ಮ್ಯಾನೇಜರು ಹೇಳಿದ್ದು, ನಿಮ್ಮ ತಂದೆಗೆ ಶುಗರ್ ಇದೆ, ವಯಸ್ಸು 74, ಚರ್ಮ ವೀಕು. ಇರಬಹುದು. ಶುಗರ್ ಇದೆ ಅಂತಲೇ ಅಲ್ವಾ ಅಲ್ಲಿಗೆ ಹಾಕಿದ್ದು.

ಕೆಲವು ದಿನ ಬಿಟ್ಟು ಆ ಗದಗದ ಹುಡುಗಿ ನನಗೆ ಫೋನ್ ಮಾಡಿದಳು, ನಂಬರ್ ಆ ಗೋಡೆ ಹಾಳೆಯ ಕೆಳಗೆ ನಾನೇ ಬರೆದಿದ್ದೆ. ಅಳ್ತಿದ್ದಳು. ಕೆಲಸ ಬಿಟ್ಟಿದ್ದಳಂತೆ. "ಟಿಕ್ ಹಾಕು ಅಂತಾರ್ರಿ ಅಕ್ಕಾರ, ಹಾಕತಿದ್ವಿ. ರಾತ್ರಿ ಇಬ್ಬರಽ ಇರ್ತಿದ್ವಿ, ಮೂವತ್ತೊಂದು ಬೆಡ್." ಫೋನಿಟ್ಟು ನಾನು ಲೆಕ್ಕ ಹಾಕಿದೆ. ಹತ್ತು ಜನ ತಾವೇ ಹೊರಳ್ತಾರೆ ಅಂತ ಬಿಡಿ, ಇಪ್ಪತ್ತೊಂದು ಜನ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಎರಡೆರಡು ಗಂಟೆಗೆ ಅಂದ್ರೆ ಆರು ಸಲ, 126 ಸಲ ಹೊರಳಿಸಬೇಕು. ದೊಡ್ಡವರನ್ನ ಹೊರಳಿಸೋಕೆ ಇಬ್ಬರೂ ಬೇಕು, ಸಲಕ್ಕೆ ಐದು ನಿಮಿಷ ಹಿಡಿದ್ರೂ 630 ನಿಮಿಷ, ಹತ್ತೂವರೆ ಗಂಟೆ. ಹನ್ನೆರಡು ಗಂಟೆ ಡ್ಯೂಟಿಲಿ. ಡಯಾಪರು ಯಾವಾಗ, ಔಷಧಿ ಯಾವಾಗ, ಅವರು ಉಚ್ಚೆಗೆ ಹೋಗೋದು ಯಾವಾಗ? ಆ ಚಾರ್ಟು ಸುಳ್ಳೇ ಆಗಬೇಕು, ಬೇರೆ ದಾರಿ ಇಲ್ಲ, ಅದು ಗೊತ್ತಿದ್ದೇ ಅಚ್ಚು ಹಾಕಿಸಿದ್ದಾರೆ. ನನಗೆ ಆ ಹುಡುಗಿ ಮೇಲೆ ಸಿಟ್ಟು ಬರ್ಲಿಲ್ಲ. ತಿಂಗಳಿಗೆ ಹನ್ನೊಂದು ಸಾವಿರ ಸಂಬಳ ಅಂದಳು, ನಾವು ನಾಲ್ಕು ದಿನಕ್ಕೆ ಕಟ್ಟುತಿದ್ದಷ್ಟು.

ಸೇರಿಸೋ ಮುಂಚೆ ನಾನು ಕೇಳಬೇಕಾಗಿದ್ದ ಪ್ರಶ್ನೆ ಇದೊಂದೇ ಆಗಿತ್ತು, ರಾತ್ರಿ ಎಷ್ಟು ಜನ ಇರ್ತಾರೆ ಅಂತ. ನಾನು ಟಿಲ್ಟ್ ಟೇಬಲ್ ನೋಡ್ತಾ ನಿಂತಿದ್ದೆ. ಹೋದಾಗಲೂ ಮುಖ ನೋಡಿ, ತಲೆ ಬಾಚಿದ್ದಾರೆ ಅಂತ ಸಮಾಧಾನ ಪಟ್ಟು ಬಂದೆ, ಹಿಮ್ಮಡಿ, ಬೆನ್ನು ನೋಡ್ಲಿಲ್ಲ. ನಿಮ್ಮವರು ಯಾರಾದ್ರೂ ಇಂಥಲ್ಲಿದ್ರೆ ಹೊದಿಕೆ ಎತ್ತಿ ನೋಡಿ ಮಾರಾಯ್ರೆ, ಅವರು ಬೇಜಾರು ಮಾಡ್ಕೊಂಡ್ರೂ ಅಡ್ಡಿಲ್ಲೆ.

ದೂರು ಕೊಟ್ಟಿದ್ದೀವಿ. ಖಾಸಗಿ ಆಸ್ಪತ್ರೆಗಳಿಗೆ ಅಂತ ಕರ್ನಾಟಕದಲ್ಲಿ 2007ರ ಕಾಯ್ದೆ ಇದೆ, 2017ರಲ್ಲಿ ತಿದ್ದುಪಡಿ ಆಯ್ತು, ಅದರ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರೋ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಒಂದು ಸಲ ಕರೆದ್ರು, ಅವರ ವಕೀಲರು ಬಂದಿದ್ರು, ನಮ್ಮ ಕಡೆಯಿಂದ ನಾನು ಮತ್ತೆ ಜೆರಾಕ್ಸು. ಮುಂದಿನ ತಾರೀಖು ತಿಳಿಸ್ತೇವೆ ಅಂದ್ರು. ಗ್ರಾಹಕರ ಆಯೋಗಕ್ಕೆ ಹೋಗೋದಾದ್ರೆ ಎರಡು ವರ್ಷದ ಒಳಗೆ ಹೋಗಬೇಕು, ತಮ್ಮ ಹೋಗೋಣ ಅಂತಾನೆ, ಆಯಿ ಸಾಕು ಬಿಡಿ ಅಂತಾಳೆ. ಆ ಗೋಡೆ ಹಾಳೆ ಅವರ ಫೈಲಲ್ಲಿ ಇಲ್ಲ, ನನ್ನ ಹತ್ರ ಇದೆ. ವಕೀಲರಿಗೆ ತೋರಿಸಬೇಕೋ ಬೇಡವೋ ಅಂತ ಇನ್ನೂ ತೀರ್ಮಾನ ಮಾಡಿಲ್ಲ.

ಗಾಯ ಮುಚ್ಚೋಕೆ ಐದು ತಿಂಗಳು ಹಿಡೀತು. ಗಾಳಿ ಹಾಸಿಗೆ ತಂದ್ವಿ, ಬೆಳಿಗ್ಗೆ ಸಂಜೆ ಊರಿನ ಇಬ್ಬರು ಹುಡುಗರು ಬಂದು ಎತ್ತಿ ಕೂರಿಸ್ತಾರೆ, ಆ ವರ್ಷದ ಅಡಿಕೆ ಹಸಿಯಾಗೇ ಹೋಯ್ತು ಅನ್ನಿ. ನಡೆಯೋದು ಆಗ್ಲಿಲ್ಲ, ಇನ್ನು ಆಗೋ ಹಾಗೂ ಕಾಣಲ್ಲ. ಗಾಲಿ ಕುರ್ಚೀಲಿ ಜಗಲಿಗೆ ಬರ್ತಾರೆ. ಈಗ ಎರಡು ಶಬ್ದ ಇದೆ, "ಇಲ್ಲೆ", ಅಂದ್ರೆ ಇಲ್ಲ, ಅನ್ನೋದೂ ಬಂದಿದೆ.

ಮೊನ್ನೆ ನಾನು ಹೋಗಿದ್ದಾಗ ಪೋಸ್ಟಿನವನು ಬಂದ. ಮೇ ತಿಂಗಳ ಬಿಸಿಲು, ಸೈಕಲ್ ನಿಲ್ಲಿಸಿ ಬೆವರು ಒರೆಸ್ಕೊಂಡ. ಅಪ್ಪಯ್ಯ ಅವನನ್ನ ನೋಡಿ, ಎಡಗೈ ಎತ್ತಿ, "ಆಸರಿಗೆ?" ಅಂದ್ರು. ನನಗೆ ಕೇಳಿದ್ದು ಪ್ರಶ್ನೆ ಥರ. ಆಯಿ ಎರಡು ಲೋಟ ಮುರುಗಲು ಪಾನಕ ತಂದಳು, ಒಂದು ಅವನಿಗೆ ಕೊಟ್ಟು, ಇನ್ನೊಂದಕ್ಕೆ ತಿಕ್ನರ್ ಪೌಡರ್ ಒಂದೂವರೆ ಚಮಚ ಹಾಕಿ ಕದಡ್ತಾ ಅಲ್ಲೇ ಮೆಟ್ಟಿಲ ಮೇಲೆ ಕೂತಳು.